ಜ್ವರ ಬಂದಾಗ ಹಸುವಿನ ವಿಷಯವನ್ನೂ ಹೇಳಿ

ಬಂಗಾರಪೇಟೆ ಮತ್ತು ಕೆಜಿಎಫ್ ತಾಲ್ಲೂಕುಗಳಲ್ಲಿ ಡೇರಿಗೆ ಹಾಲು ಹಾಕುವ ಎಲ್ಲರಿಗೂ ಒಂದು ಬಹಿರಂಗ ಪತ್ರ



ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತವನು ನಾನು. ನಿಮ್ಮ ಕೊಟ್ಟಿಗೆಗಳಲ್ಲಿ ಕಂಡದ್ದನ್ನೇ ನಿಮಗೆ ಬರೆಯುತ್ತಿದ್ದೇನೆ. ಸೀಮೆಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ನಿಮ್ಮ ಫೋನು ಬರುತ್ತಿತ್ತು. "ಸಾರ್, ಮೆಲುಕು ಹಾಕ್ತಿಲ್ಲ, ಮೈ ಸುಡ್ತಿದೆ, ಹಾಲು ಅರ್ಧಕ್ಕಿಳಿದಿದೆ." ನಾನು ಬಂದವನು ಮೊದಲು ಕಿವಿಯೊಳಗೆ, ಬಾಲದ ಬುಡಕ್ಕೆ, ಕೆಚ್ಚಲಿನ ಸಂದಿಗೆ ಕೈಯಾಡಿಸುತ್ತಿದ್ದೆ, ಉಣ್ಣೆ ಇದೆಯಾ ಅಂತ. ನಾನು ಬಾಯಿಬಿಡುವ ಮೊದಲೇ ನೀವು ಶುರು ಮಾಡಿರುತ್ತಿದ್ದಿರಿ: ಎಂದಿನಿಂದ ಹತ್ತಿವೆ, ಯಾವ ಎಣ್ಣೆ ಹಚ್ಚಿದಿರಿ, ಪಕ್ಕದ ಮನೆಯ ಕರುವಿಗೂ ಹೀಗೇ ಆಗಿತ್ತು, ಎಲ್ಲವನ್ನೂ.

ಅದೇ ಮನೆಯ ಯಜಮಾನಿಗೆ ಜ್ವರ ಬಂದರೆ ಏನಾಗುತ್ತಿತ್ತು ಅನ್ನುವುದನ್ನೂ ನೋಡಿದ್ದೇನೆ. ಮೊದಲು ಮೆಡಿಕಲ್ ಸ್ಟೋರಿನಿಂದ ಎರಡು ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಕ್ಲಿನಿಕ್ಕು, ಒಂದು ಇಂಜೆಕ್ಷನ್ನು, ಒಂದು ಬಾಟಲಿ ಗ್ಲೂಕೋಸು. ಅಲ್ಲಿ ಉಣ್ಣೆಯ ಮಾತನ್ನು ಡಾಕ್ಟರು ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. ಹೇಳದೆ ಉಳಿಯುವ ಆ ಒಂದು ಮಾತಿಗಾಗಿ ಈ ಪತ್ರ.

ಉಣ್ಣೆಯಿಂದ ಮನುಷ್ಯರಿಗೂ ಜ್ವರ ಬರುತ್ತದೆ ಅಂದ ಕೂಡಲೇ ನಮ್ಮ ಕಡೆಯವರು, "ಅದು ಮಲೆನಾಡಿನ ಕಥೆ ಸಾರ್, ಮಂಗನ ಕಾಯಿಲೆ, ನಮ್ಮ ಬಯಲಿಗೆ ಎಲ್ಲಿಂದ ಬರುತ್ತೆ" ಅನ್ನುತ್ತಾರೆ. ಅರ್ಧ ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗೊತ್ತಾದ ಆ ರೋಗಕ್ಕೆ ಕಾರಣ ವೈರಸ್ಸು, ಅದನ್ನು ಹೊತ್ತು ತರುವುದು ಕಾಡಿನ ಉಣ್ಣೆ. ಅದು ನಮ್ಮ ತೊಂದರೆಯಲ್ಲ. ಆದರೆ ಉಣ್ಣೆ ಹೊರುವುದು ವೈರಸ್ಸನ್ನು ಮಾತ್ರವಲ್ಲ, ಬ್ಯಾಕ್ಟೀರಿಯಾವನ್ನೂ ಹೊರುತ್ತದೆ. ಅದಕ್ಕೆ ದಟ್ಟ ಕಾಡು ಬೇಕಿಲ್ಲ, ಮಂಗವೂ ಬೇಕಿಲ್ಲ. ಒಂದು ನಾಯಿ, ನಾಲ್ಕು ಮೇಕೆ, ಸುಣ್ಣ ಕಾಣದ ಒಂದು ಗೋಡೆ ಇದ್ದರೆ ಸಾಕು. ಈ ಮೂರೂ ಇಲ್ಲದ ಬೀದಿ ನಮ್ಮ ಎರಡು ತಾಲ್ಲೂಕಿನಲ್ಲಿ ಎಲ್ಲಿದೆ ಹೇಳಿ.

ಹಸುವಿನಿಂದಲೇ ಶುರು ಮಾಡೋಣ, ನಿಮಗೆ ಗೊತ್ತಿರುವ ದಾರಿ ಅದು. ಉಣ್ಣೆ ಜ್ವರ ಅಂತ ನೀವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಮೂರು ಬೇರೆ ಬೇರೆ ರೋಗಗಳಿವೆ. ಕಿವಿಯ ಕೆಳಗೆ, ಭುಜದ ಮುಂದೆ ಗಂಟು ಊದಿಕೊಂಡು ಜ್ವರ ಬಿಡದೇ ಹೋದರೆ ಥೈಲೇರಿಯಾ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೇಸಿಯಾ. ಇವೆರಡೂ ಏಕಕೋಶದ ಪರಾವಲಂಬಿ ಜೀವಿಗಳು, ಬ್ಯಾಕ್ಟೀರಿಯಾ ಅಲ್ಲ. ಮೂರನೆಯದು ಅನಾಪ್ಲಾಸ್ಮಾ. ಇದು ಬ್ಯಾಕ್ಟೀರಿಯಾ, ಕೆಂಪು ರಕ್ತಕಣದೊಳಗೆ ಹೊಕ್ಕು ಕೂರುತ್ತದೆ. ಹೊಕ್ಕ ಕಣಗಳನ್ನೆಲ್ಲ ಹಸುವಿನ ಗುಲ್ಮವೇ ಹಿಡಿದು ನಾಶ ಮಾಡುತ್ತದೆ. ರಕ್ತ ಇಳಿಯುತ್ತದೆ, ವಸಡು ಮೊದಲು ಬಿಳಿಚಿ ಆಮೇಲೆ ಹಳದಿಗೆ ತಿರುಗುತ್ತದೆ, ಸಗಣಿ ಗಟ್ಟಿಯಾಗುತ್ತದೆ. ಮೂತ್ರ ಮಾತ್ರ ಕೆಂಪಾಗುವುದಿಲ್ಲ. ಆಗ ನಾವು ಹಾಕುತ್ತಿದ್ದ ಹಳದಿ ಬಣ್ಣದ ಇಂಜೆಕ್ಷನ್ ನೆನಪಿದೆಯಲ್ಲ? ಅದು ಆಕ್ಸಿಟೆಟ್ರಾಸೈಕ್ಲಿನ್. ಈ ಹೆಸರನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ.

ನಾಟಿ ಹಸು ಇದ್ದ ಕಾಲದಲ್ಲಿ ಇಷ್ಟೊಂದು ಗೋಳಿರಲಿಲ್ಲ ಅಂತ ಹಿರಿಯರು ಹೇಳುವುದು ಸುಳ್ಳಲ್ಲ. ನಾಟಿ ದನದ ಮೈಗೆ ಉಣ್ಣೆ ಹತ್ತುವುದೂ ಕಡಿಮೆ, ಹತ್ತಿದರೂ ರೋಗ ತಡೆಯುವ ಶಕ್ತಿ ಹೆಚ್ಚು. ಎಚ್ಎಫ್, ಜರ್ಸಿ ಬಂದ ಮೇಲೆ ಕ್ಯಾನು ತುಂಬಿತು, ಮಕ್ಕಳ ಫೀಸು ಕಟ್ಟಲಾಯಿತು, ಅದರ ಜೊತೆಗೆ ಉಣ್ಣೆಗೂ ಹಬ್ಬವಾಯಿತು. ಹಾಗಂತ ನಾಟಿ ಹಸುವಿಗೇ ವಾಪಸ್ ಹೋಗಿ ಅಂತ ನಾನು ಹೇಳುವುದಿಲ್ಲ. ಆ ಮಾತು ಹೇಳುವವರು ಯಾರೂ ಹಾಲಿನ ಬಿಲ್ಲಿನಲ್ಲಿ ಬದುಕಿದವರಲ್ಲ.

ಇನ್ನು ಮನುಷ್ಯರ ವಿಷಯ. ಮನುಷ್ಯನಿಗೆ ಉಣ್ಣೆಯಿಂದ ಬರುವ ಈ ಜ್ವರಕ್ಕೆ ಇಂಡಿಯನ್ ಟಿಕ್ ಟೈಫಸ್ ಅಂತ ಹೆಸರು, ಚುಕ್ಕೆ ಜ್ವರ ಅಂದರೂ ನಡೆಯುತ್ತದೆ. ಟೈಫಾಯ್ಡ್ ಅಲ್ಲ ಇದು, ಅದಕ್ಕೂ ಇದಕ್ಕೂ ನಂಟಿಲ್ಲ. ಕಾರಣ ರಿಕೆಟ್ಸಿಯಾ ಅನ್ನುವ ಬ್ಯಾಕ್ಟೀರಿಯಾ. ಹೊವಾರ್ಡ್ ರಿಕೆಟ್ಸ್ ಅನ್ನುವ ಅಮೆರಿಕದ ವಿಜ್ಞಾನಿ ಅಲ್ಲಿನ ಚುಕ್ಕೆ ಜ್ವರ ಉಣ್ಣೆಯಿಂದಲೇ ಹರಡುತ್ತದೆ ಅಂತ ತೋರಿಸಿಕೊಟ್ಟ; 1910ರಲ್ಲಿ ಮೆಕ್ಸಿಕೋದಲ್ಲಿ ಟೈಫಸ್ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಗ ಅದೇ ರೋಗ ತಗುಲಿ ಸತ್ತ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದವರಲ್ಲಿ ಒಬ್ಬ ಮೆಗಾ ಅನ್ನುವ ಮಿಲಿಟರಿ ಡಾಕ್ಟರು, ಕುಮಾವೂಂ ಬೆಟ್ಟಗಳಲ್ಲಿ ತನಗೇ ಉಣ್ಣೆ ಕಚ್ಚಿ ಜ್ವರ ಬಂದ ಮೇಲೆ. ಅಂದರೆ ಈ ರೋಗ ನೂರು ವರ್ಷದಿಂದ ಪುಸ್ತಕದಲ್ಲಿದೆ. ಕ್ಲಿನಿಕ್ಕಿನ ಚೀಟಿಗೆ ಮಾತ್ರ ಇನ್ನೂ ಸರಿಯಾಗಿ ಇಳಿದಿಲ್ಲ.

ಅನಾಪ್ಲಾಸ್ಮಾ ರಕ್ತಕಣದೊಳಗೆ ಹೊಕ್ಕರೆ ರಿಕೆಟ್ಸಿಯಾ ಹೊಗುವುದು ರಕ್ತನಾಳದ ಒಳಪದರಕ್ಕೆ. ಸಣ್ಣ ಸಣ್ಣ ನಾಳಗಳು ಸೋರಲು ಶುರುವಾಗುತ್ತವೆ. ಜ್ವರ, ತಲೆ ಸಿಡಿತ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿಕೆ, ಎಲ್ಲವೂ ಡೆಂಗಿಯ ಹಾಗೇ. ಜ್ವರ ಬಂದು ಕೆಲವು ದಿನವಾದ ಮೇಲೆ ಮಣಿಕಟ್ಟು, ಕಣಕಾಲಿನ ಹತ್ತಿರ ಕೆಂಪು ಗುಲ್ಲೆ ಏಳುತ್ತದೆ, ಅಲ್ಲಿಂದ ಮೈಗೆಲ್ಲ ಹರಡುತ್ತದೆ. ಗಮನಿಸಬೇಕಾದ ಜಾಗ ಅಂಗೈ ಮತ್ತು ಅಂಗಾಲು. ಸಾಮಾನ್ಯ ಗುಲ್ಲೆಗಳು ಅಲ್ಲಿಗೆ ಹೋಗುವುದು ಅಪರೂಪ, ಇದು ಹೋಗುತ್ತದೆ. ಎಲ್ಲರಿಗೂ ಗುಲ್ಲೆ ಏಳಲೇಬೇಕು ಅಂತಿಲ್ಲ; ಕಪ್ಪು ಮೈಬಣ್ಣದಲ್ಲಿ ಎದ್ದರೂ ಬೇಗ ಕಾಣುವುದಿಲ್ಲ. ತಡವಾದರೆ ಬೆರಳ ತುದಿ, ಕಿವಿಯ ತುದಿ ಕಪ್ಪಾಗಿ ಕೊಳೆಯುವ ಮಟ್ಟಕ್ಕೂ ಹೋಗಬಹುದು, ಮೆದುಳಿಗೆ, ಮೂತ್ರಪಿಂಡಕ್ಕೆ ಹರಡಿ ಜೀವವನ್ನೇ ತೆಗೆಯಬಹುದು.

ಇಷ್ಟೆಲ್ಲ ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಯಾಕೆಂದರೆ ಇದಕ್ಕೆ ಮದ್ದಿದೆ, ಅದೂ ಕೆಲವೇ ರೂಪಾಯಿಯ ಮಾತ್ರೆ. ಹೆಸರು ಡಾಕ್ಸಿಸೈಕ್ಲಿನ್. ಹಸುವಿಗೆ ಹಾಕಿದ ಆ ಹಳದಿ ಇಂಜೆಕ್ಷನ್ನಿನ ವಂಶದ್ದೇ, ಅದರ ತಮ್ಮ ಅನ್ನಿ. ಸಮಯಕ್ಕೆ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಇದರಲ್ಲಿರುವ ಅನ್ಯಾಯ ನೋಡಿ: ಕ್ಲಿನಿಕ್ಕುಗಳಲ್ಲಿ ಬಿಡದ ಜ್ವರಕ್ಕೆ ಹಾಕುವ ದುಬಾರಿ ಆಂಟಿಬಯೋಟಿಕ್ ಇಂಜೆಕ್ಷನ್ನುಗಳಿವೆಯಲ್ಲ, ಪೆನ್ಸಿಲಿನ್ ಜಾತಿಯವು, ಸೆಫಲೋಸ್ಪೋರಿನ್ ಜಾತಿಯವು, ಅವು ರಿಕೆಟ್ಸಿಯಾದ ಕೂದಲನ್ನೂ ಕೊಂಕಿಸುವುದಿಲ್ಲ. ಸಾವಿರಾರು ರೂಪಾಯಿ ಕೈಬಿಟ್ಟು ಹೋಗುತ್ತದೆ, ಜ್ವರ ಇದ್ದಲ್ಲೇ ಇರುತ್ತದೆ.

ಕಾಮಸಮುದ್ರದ ಕಡೆಯ ಒಂದು ಹಳ್ಳಿಯ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಮೇಕೆಮರಿಗಳನ್ನು ಹಾಸಿಗೆಗೆ ಎಳೆದುಕೊಂಡು ಮಲಗುವ ಹುಡುಗ. ಜ್ವರ ಬಂತು, ಡೆಂಗಿ ಟೆಸ್ಟು ಮಾಡಿಸಿದರು, ಇಲ್ಲ ಅಂತ ಬಂತು. ಟೈಫಾಯ್ಡಿನ ವಿಡಾಲ್ ಟೆಸ್ಟು ಅರೆಬರೆ ಇದೆ ಅಂತ ಬಂತು. ವಿಡಾಲ್ ಅರೆಬರೆ ಬರುವುದು ನಮ್ಮ ಕಡೆ ಮಾಮೂಲು, ಅದನ್ನು ನಂಬಿ ಚಿಕಿತ್ಸೆ ಮಾಡುವುದೂ ಮಾಮೂಲು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹೋಯಿತು. ಅವರ ಮನೆಯ ಹಸು ನೋಡಲು ಹೋಗಿದ್ದ ನನಗೆ ಅವನ ಅಜ್ಜಿ ಮೊಮ್ಮಗನ ಅಂಗೈ ಬಿಡಿಸಿ ತೋರಿಸಿದರು. "ಇದೇನೋ ಸಾರ್, ಕೆಂಪಗೆ ಎದ್ದೈತೆ, ಬೆಳಿಗ್ಗೆ ಇರಲಿಲ್ಲ." ನಾನು ದನದ ಡಾಕ್ಟರು, ಮನುಷ್ಯರಿಗೆ ಮದ್ದು ಬರೆಯುವ ಹಕ್ಕು ನನಗಿಲ್ಲ. ಕಿವಿಯ ಹಿಂದೆ, ಕೂದಲೊಳಗೆ ಹುಡುಕಿ ಅಂದೆ. ಕೂದಲ ಸಂದಿನಲ್ಲಿ ಬೂದು ಬಣ್ಣದ, ಹೊಟ್ಟೆ ಉಬ್ಬಿದ ಉಣ್ಣೆ ಇನ್ನೂ ಕಚ್ಚಿಕೊಂಡೇ ಇತ್ತು. ಅದನ್ನು ಕಿತ್ತು ಒಂದು ಡಬ್ಬಿಗೆ ಹಾಕಿ, ಡಬ್ಬಿ ಸಮೇತ ಹುಡುಗನನ್ನು ಕೋಲಾರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ಕಿರಿಯ ಡಾಕ್ಟರಮ್ಮ ಡಬ್ಬಿ ನೋಡಿದ ಕೂಡಲೇ ಮದ್ದು ಬದಲಾಯಿಸಿದರು. ಹುಡುಗ ಬದುಕಿದ, ಈಗ ಹೈಸ್ಕೂಲು.

ಆ ಡಾಕ್ಟರಮ್ಮ ರಿಪೋರ್ಟಿಗೆ ಕಾಯಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಈ ಜ್ವರದಲ್ಲಿ ರಕ್ತ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯವನ್ನು. ಅದು ಕಾಣಿಸಿಕೊಳ್ಳಲು ಸುಮಾರು ಒಂದು ವಾರ ಬೇಕು. ವೈಲ್-ಫೆಲಿಕ್ಸ್ ಅನ್ನುವ ಹಳೆಯ ಪರೀಕ್ಷೆ ಅಗ್ಗ, ಆದರೆ ಅದು ತಪ್ಪಿಸಿಬಿಡುವ ಕೇಸುಗಳೇ ಬಹಳ. ಎಲೈಸಾ ಪರೀಕ್ಷೆ ಎಲ್ಲ ಊರಲ್ಲೂ ಸಿಗುವುದಿಲ್ಲ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಅನುಮಾನ ಬಂದರೆ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡಿ ಅಂತಲೇ ಇದೆ. ಅನುಮಾನ ಬರುವುದು ಹೇಗೆ? ನೀವು ಹೇಳಿದರೆ. "ಮನೆಯಲ್ಲಿ ಹಸು ಇದೆ, ಮೇಕೆ ಇದೆ, ನಾಯಿ ಇದೆ, ಉಣ್ಣೆ ಹತ್ತಿದ್ದವು" ಅನ್ನುವ ಒಂದೇ ವಾಕ್ಯ. ಡಾಕ್ಟರಿಗೆ ಬುದ್ಧಿ ಹೇಳಿದ ಹಾಗಾಗುತ್ತದೇನೋ ಅಂತ ಸಂಕೋಚ ಬೇಡ. ಹಸುವಿನ ಡಾಕ್ಟರಿಗೆ ನೀವು ಹೇಳದೆ ಬಿಟ್ಟದ್ದು ಏನಾದರೂ ಇತ್ತೇ!

ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಈ ಮಾತನ್ನು ಇನ್ನೂ ಹೆಚ್ಚು ನೆನಪಿಡಬೇಕು. ಜ್ವರ ಬಂದರೆ ನೀವು ಅಲ್ಲೇ ಯಾವುದೋ ಆಸ್ಪತ್ರೆಗೆ ಹೋಗುತ್ತೀರಿ. ಸೆಕ್ಯುರಿಟಿ ಯೂನಿಫಾರ್ಮಿನಲ್ಲೋ, ಗಾರ್ಮೆಂಟ್ಸ್ ಐಡಿ ಕಾರ್ಡಿನಲ್ಲೋ ಬಂದವರನ್ನು ನೋಡಿ ಅಲ್ಲಿನ ಡಾಕ್ಟರು, ಇವರು ಬೆಳಗಿನ ಜಾವ ಕೊಟ್ಟಿಗೆ ಬಾಚಿ, ಹಾಲು ಕರೆದು ರೈಲು ಹತ್ತಿದವರು ಅಂತ ಎಲ್ಲಿ ಊಹಿಸಿಯಾರು? ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ದಾಖಲಾದ ಮಕ್ಕಳಲ್ಲಿ ಸ್ಕ್ರಬ್ ಟೈಫಸ್ಸನ್ನೂ ಚುಕ್ಕೆ ಜ್ವರವನ್ನೂ ಕಂಡು 2016ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ದೊಡ್ಡ ಆಸ್ಪತ್ರೆಗಳಿಗೆ ಇದು ಹೊಸದಲ್ಲ. ನಿಮ್ಮ ಬಾಯಿಂದ ಸುಳಿವು ಸಿಗಬೇಕು, ಅಷ್ಟೆ.

ಸ್ಕ್ರಬ್ ಟೈಫಸ್ ಅಂದೆನಲ್ಲ, ಅದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದನ್ನು ತರುವುದು ಉಣ್ಣೆಯಲ್ಲ, ಉಣ್ಣೆಯ ದಾಯಾದಿಯಾದ ನುಸಿಯ ಮರಿ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಪೊದೆ, ಹುಲ್ಲು, ಇಲಿ ಇರುವಲ್ಲಿ ಇರುತ್ತದೆ. ಕಚ್ಚಿದ ಜಾಗದಲ್ಲಿ ಬಹಳ ಸಲ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುತ್ತದೆ, ನೋವಿರುವುದಿಲ್ಲ. ಕಂಕುಳು, ತೊಡೆಸಂದಿ, ಸೀರೆ ಕಟ್ಟುವ ಸೊಂಟ, ಇಂಥ ಕಡೆಯೇ ಇರುವುದರಿಂದ ಹೆಂಗಸರು ಅದನ್ನು ಡಾಕ್ಟರಿಗೆ ತೋರಿಸುವುದೇ ಇಲ್ಲ. ತೋರಿಸಿ, ತಾಯಿ. ಆ ಹಕ್ಕಳೆಯೇ ಅರ್ಧ ರಿಪೋರ್ಟು. ಮದ್ದು ಅದಕ್ಕೂ ಡಾಕ್ಸಿಸೈಕ್ಲಿನ್ನೇ.

ಮದ್ದಿನ ಹೆಸರು ಹೇಳಿದ್ದೇನೆ ಅಂತ ನೀವೇ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಬಸುರಿಯರಿಗೆ ಬೇರೆ ಮಾತ್ರೆ ಕೊಡಬೇಕಾಗುತ್ತದೆ, ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಎಷ್ಟು ದಿನ ಅನ್ನುವುದನ್ನು ಡಾಕ್ಟರು ಹೇಳಬೇಕು. ಡಾಕ್ಟರು ಬರೆದುಕೊಟ್ಟರೆ ದೊಡ್ಡ ಲೋಟ ನೀರಿನ ಜೊತೆ ಕೂತು ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಟ್ಟುಕೊಳ್ಳುತ್ತದೆ. ಹಾಲಿನ ಜೊತೆಗಂತೂ ಬೇಡ. ಹಾಲು ಮಾರುವವರಿಗೆ ಇದನ್ನು ಹೇಳಬೇಕಾಯಿತಲ್ಲ!

ಈಗ ಒಂದು ಪ್ರಾಮಾಣಿಕ ಮಾತು. ಹಸುವಿನ ಮೈತುಂಬ ಜೋಳದ ಕಾಳಿನ ಹಾಗೆ ತೂಗಾಡುವ ಉಣ್ಣೆ ಮನುಷ್ಯನನ್ನು ಕಚ್ಚುವುದು ಕಡಿಮೆ. ಅದು ಮರಿಯಾಗಿ ಹಸು ಹತ್ತಿದರೆ ಮೂರು ವಾರ ಅಲ್ಲೇ ಬೆಳೆದು, ರಕ್ತ ಕುಡಿದು, ಕೆಳಗೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಮನುಷ್ಯನಿಗೆ ಹೆಚ್ಚು ಅಪಾಯಕಾರಿ ನಾಯಿಯ ಕಂದು ಉಣ್ಣೆ, ಜೊತೆಗೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸುವ ಬೇರೆ ಕೆಲವು ಜಾತಿಗಳು. ನಾಯಿಯ ಉಣ್ಣೆ ಹುಲ್ಲಿನಲ್ಲಿ ಕಾಯುವುದಿಲ್ಲ, ಮನೆಯೊಳಗೇ ಇರುತ್ತದೆ: ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು, ಮಂಚದ ಕೆಳಗೆ. ಗೋಡೆ ಹತ್ತಿ ಸೂರಿನವರೆಗೂ ಹೋಗುತ್ತದೆ. ರಿಕೆಟ್ಸಿಯಾ ಹೊತ್ತ ತಾಯಿ ಉಣ್ಣೆ ಅದನ್ನು ಮೊಟ್ಟೆಗಳಿಗೂ ದಾಟಿಸುತ್ತದೆ. ಹಾಗಾಗಿ ರೋಗ ಬಂದ ಪ್ರಾಣಿ ಮನೆಯಲ್ಲಿ ಇಲ್ಲದಿದ್ದರೂ ಗೋಡೆಯಲ್ಲಿ ರೋಗ ಉಳಿದಿರಬಹುದು.

ಇದಕ್ಕಾಗಿಯೇ ಕೆಜಿಎಫ್‌ನ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್ ಕಡೆಯ ಲೈನ್ ಮನೆಗಳವರನ್ನೂ ಈ ಪತ್ರಕ್ಕೆ ಸೇರಿಸಿಕೊಂಡಿದ್ದೇನೆ. ಒಂದಕ್ಕೊಂದು ಅಂಟಿಕೊಂಡ ಗೋಡೆಗಳು, 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ದುರಸ್ತಿ ಕಾಣದ ಸೂರುಗಳು, ಬೀದಿಗೊಂದು ಹಿಂಡು ನಾಯಿ, ಸಂಬಳ ನಿಂತ ಮೇಲೆ ಆಸರೆಗೆಂದು ಕಟ್ಟಿಕೊಂಡ ಎರಡು ಮೇಕೆ. ಕಂದು ಉಣ್ಣೆಗೆ ಇದಕ್ಕಿಂತ ಬೇರೇನು ಬೇಕು? ನಾಯಿ ಸೊರಗಿ, ಮೂಗಿನಲ್ಲಿ ರಕ್ತ ಬಂದು ಸಾಯುವುದನ್ನು ಅಲ್ಲಿನವರು ಕಂಡಿರುತ್ತಾರೆ. ಅದು ಬಹಳ ಸಲ ಎರ್ಲಿಕಿಯಾ, ಉಣ್ಣೆಯೇ ತರುವ ಇನ್ನೊಂದು ಬ್ಯಾಕ್ಟೀರಿಯಾ. ಗಣಿ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಅನ್ನುವ ಕಾಯಿಲೆಯ ಹೆಸರನ್ನು ಡಾಕ್ಟರಷ್ಟೇ ಸಲೀಸಾಗಿ ಆಡಿದ ಊರದು. ಕೆಮ್ಮಿ ಕೆಮ್ಮಿ ಸತ್ತ ಗಂಡಸರ ಕಾಯಿಲೆ ಕಾಗದದ ಮೇಲೆ ದಾಖಲಾಗದಿದ್ದರೆ ಪರಿಹಾರವೂ ಇಲ್ಲ ಅಂತ ಕಲಿತ ಊರು. ಜ್ವರದ ವಿಷಯದಲ್ಲೂ ಅಷ್ಟೇ. ಚೀಟಿಯಲ್ಲಿ "ವೈರಲ್ ಫೀವರ್" ಅಂತ ಬರೆದು ಮುಗಿಸಿದರೆ, ಈ ಊರಿನಲ್ಲಿ ಇಂಥದ್ದೊಂದು ರೋಗ ಇದೆ ಅನ್ನುವುದೇ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಉಣ್ಣೆ ಕೀಳುವುದು. ಸಂಜೆ ಹಾಲು ಕರೆದ ಮೇಲೆ ಹಸುವಿನ ಕಿವಿ ಮಡಿಸಿ ಹಿಡಿದು ಒಂದೊಂದೇ ಉಣ್ಣೆ ಕಿತ್ತು, ಹೆಬ್ಬೆರಳ ಉಗುರಿನಲ್ಲಿ ಪಟ್ಟನೆ ಒಡೆಯುವುದು ನಿಮ್ಮ ಅಭ್ಯಾಸ. ರಕ್ತ ಚಿಮ್ಮಿದರೆ ಸೆರಗಿಗೆ ಒರೆಸಿಕೊಳ್ಳುತ್ತೀರಿ. ದಯವಿಟ್ಟು ಇದನ್ನು ಬಿಡಿ. ಮೇವು ಕೊಯ್ದ ಕೈಯಲ್ಲಿ ಸಣ್ಣ ಗೀರುಗಳು ಇದ್ದೇ ಇರುತ್ತವೆ, ಒಡೆದ ಉಣ್ಣೆಯ ರಸ ಅವುಗಳೊಳಗೆ ಇಳಿದರೆ ರೋಗ ತಗುಲಲು ಕಚ್ಚಿಸಿಕೊಳ್ಳುವ ಅಗತ್ಯವೇ ಇಲ್ಲ. ಒಂದು ಚಿಮಟಿಗೆ ಇಟ್ಟುಕೊಳ್ಳಿ, ಕಿತ್ತದ್ದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ, ಆಮೇಲೆ ಕೈ ತೊಳೆಯಿರಿ. ನಿಮ್ಮ ಮೈಗೋ ಮಗುವಿನ ಮೈಗೋ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ. ಚರ್ಮಕ್ಕೆ ಅಂಟಿದಂತೆ ಚಿಮಟಿಗೆಯಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ, ತಿರುಚಬೇಡಿ. ಉಣ್ಣೆ ಕಚ್ಚಿದ ಗಳಿಗೆಯಲ್ಲೇ ರೋಗ ದಾಟುವುದಿಲ್ಲ, ಕೆಲವು ಗಂಟೆ ಕಚ್ಚಿಕೊಂಡಿರಬೇಕು. ಅದಕ್ಕೇ ದಿನಾ ಸಂಜೆ ಮಕ್ಕಳ ತಲೆ, ಕಿವಿಯ ಹಿಂಭಾಗ, ಸೊಂಟ ನೋಡುವುದು ಯಾವ ಮದ್ದಿಗೂ ಕಡಿಮೆಯಲ್ಲ. ಕಿತ್ತ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವಾರದೊಳಗೆ ಜ್ವರ ಬಂದರೆ ಆ ಕ್ಯಾಲೆಂಡರ್ ಹಾಳೆಯ ಫೋಟೋ ಡಾಕ್ಟರಿಗೆ ತೋರಿಸಿ.

ಉಣ್ಣೆ ಮದ್ದಿನ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಹಳೆಯ ಸಿಟ್ಟಿದೆ. ಲೇಬಲ್ಲಿನಲ್ಲಿ ಬರೆದ ಅಳತೆಗಿಂತ ಅರ್ಧ ಹಾಕುತ್ತೀರಿ, ಇಡೀ ಮೈಗೆ ಹಚ್ಚುವ ಬದಲು ಬೆನ್ನಿಗೆ ಚಿಮುಕಿಸುತ್ತೀರಿ. ಸಾಯದೆ ಉಳಿದ ಉಣ್ಣೆಯ ಸಂತತಿಗೆ ಆಮೇಲೆ ಆ ಮದ್ದು ನಾಟುವುದೇ ಇಲ್ಲ. ಹಸುವಿಗೆ ಮಾತ್ರ ಹಚ್ಚಿ ಕೊಟ್ಟಿಗೆಯನ್ನು ಬಿಟ್ಟರೂ ವ್ಯರ್ಥ, ಮೊಟ್ಟೆ ಇರುವುದು ನೆಲದಲ್ಲಿ, ಗೋಡೆಯ ಸಂದಿನಲ್ಲಿ. ಸಂದು ಮುಚ್ಚಿ ಸುಣ್ಣ ಹೊಡೆಸಿ. ಎರಡು ನಾಟಿ ಕೋಳಿ ಬಿಡಿ, ಉಣ್ಣೆ ಹೆಕ್ಕುವುದರಲ್ಲಿ ಅವುಗಳನ್ನು ಮೀರಿಸಿದವರಿಲ್ಲ. ಕರೆಯುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚಿಸಿ ಅದೇ ಸಂಜೆ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿ, ಆ ಹಾಲು ಕುಡಿಯುವುದು ಯಾರದೋ ಮಗು.

ಕೊನೆಯದಾಗಿ, ನಿಮ್ಮ ಸಂಘದ ಸರ್ವಸದಸ್ಯರ ಸಭೆ ಪ್ರತಿ ವರ್ಷ ನಡೆಯುತ್ತದೆ. ಬೋನಸ್ಸು, ಫೀಡಿನ ರೇಟು, ಫ್ಯಾಟು, ಡಿಗ್ರಿ, ಇವುಗಳ ಮೇಲೆ ಗಲಾಟೆ ಆಗುತ್ತದೆ, ಆಗಲಿ. ಈ ಸಲ ಅರ್ಧ ಗಂಟೆ ಉಣ್ಣೆಗೆ ಕೊಡಿ. ಪಶು ಡಾಕ್ಟರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ; ಇಬ್ಬರೂ ಒಂದೇ ಊರಿಗೆ ಬಂದು ಹೋಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಬಿಡದ ಜ್ವರಕ್ಕೆ ರಕ್ತದ ಸ್ಯಾಂಪಲ್ಲನ್ನು ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆಯ ಮೂಲಕ ಎಲೈಸಾ ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಬೇಕು ಅಂತ ಠರಾವು ಮಾಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಡೇರಿಯ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲೇ ಒಂದು ಸಾಲು ಬರೆಸಿ: ಜ್ವರ ಬಂದರೆ, ಮನೆಯಲ್ಲಿ ದನ, ಮೇಕೆ, ನಾಯಿ ಇರುವುದನ್ನು ಡಾಕ್ಟರಿಗೆ ಹೇಳಿ. ಬಣ್ಣದ ಖರ್ಚು ಸಂಘಕ್ಕೆ ಹೊರೆಯಾದರೆ ನನಗೆ ತಿಳಿಸಿ, ನಾನು ಕೊಡುತ್ತೇನೆ.

ಇಂತಿ ನಿಮ್ಮವನು,
ಒಬ್ಬ ನಿವೃತ್ತ ಪಶುವೈದ್ಯ
ಬಂಗಾರಪೇಟೆ